ಸರ್ವಿಸ್ ಮಾಡಿಸಿ ತಂದ ಮೇಲೆ ವೀಡ್ ಕಟರ್ ಸರಿಯಾಗಿ ಓಡದಿದ್ದರೆ

ಮಳೆ ಹಿಡಿದು ಅಡಿಕೆ ತೋಟದ ಹುಲ್ಲು ಮೊಣಕಾಲಿಗೆ ಬರುವ ಹೊತ್ತಿಗೆ ಮಲೆನಾಡಿನ ಪೇಟೆಗಳ ಯಂತ್ರದಂಗಡಿಗಳ ಎದುರು ವೀಡ್ ಕಟರ್‌ಗಳು ಸಾಲಾಗಿ ಒರಗಿ ನಿಂತಿರುತ್ತವೆ. ಆರೇಳು ತಿಂಗಳು ಕೊಟ್ಟಿಗೆಯ ಮೂಲೆಯಲ್ಲಿದ್ದ ಯಂತ್ರವನ್ನು ಒಮ್ಮೆ ಸರ್ವಿಸ್ ಮಾಡಿಸಿಬಿಟ್ಟರೆ ಹಂಗಾಮು ಸುಸೂತ್ರವಾಗಿ ಕಳೆಯುತ್ತದೆ ಎಂಬುದು ಎಲ್ಲರ ಲೆಕ್ಕ. ಅಂಗಡಿಯ ಹುಡುಗ ನಮ್ಮೆದುರೇ ಹಗ್ಗ ಎಳೆದು, ಎರಡು ಸಲ ರೇಸ್ ಕೊಟ್ಟು, "ಏನೂ ತೊಂದರೆ ಇಲ್ಲ, ತಗೊಂಡು ಹೋಗಿ" ಎನ್ನುತ್ತಾನೆ. ಮನೆಗೆ ತಂದು ತೋಟಕ್ಕಿಳಿಸಿದರೆ ಅದು ಹತ್ತು ನಿಮಿಷಕ್ಕೆ ತಿಣುಕತೊಡಗುತ್ತದೆ, ಇಲ್ಲವೇ ದಟ್ಟ ಹುಲ್ಲಿಗೆ ಬ್ಲೇಡ್ ಒಡ್ಡಿದ ಕೂಡಲೇ ಉಸಿರು ಕಟ್ಟಿದಂತೆ ನಿಂತುಬಿಡುತ್ತದೆ. ಅಂಗಡಿಯವನು ಸುಳ್ಳು ಹೇಳಿದ ಎಂದುಕೊಳ್ಳಬೇಕಾಗಿಲ್ಲ. ಅವನು ಪರೀಕ್ಷಿಸಿದ್ದು ಹೊರೆಯಿಲ್ಲದೆ ಓಡುವ ಎಂಜಿನ್ನನ್ನು, ಅದೂ ಅರ್ಧ ನಿಮಿಷ ಮಾತ್ರ. ಹೊರೆ ಬಿದ್ದಾಗ, ಬಿಸಿಯಾದಾಗ, ಓರೆ ಹಿಡಿದಾಗ ಕಾಣುವ ದೋಷಗಳು ಅಲ್ಲಿ ಕಾಣುವುದಿಲ್ಲ.

ಸರ್ವಿಸ್‌ಗೆ ಕೊಡುವ ಮುಂಚೆ ಯಂತ್ರ ಚೆನ್ನಾಗಿಯೇ ಓಡುತ್ತಿತ್ತು ಎಂದಾದರೆ ನಿಮ್ಮ ಕೆಲಸ ಅರ್ಧ ಹಗುರವಾಯಿತು. ಎಂಜಿನ್ ಹಾಳಾಗಲು ನೂರು ಕಾರಣಗಳಿರಬಹುದು, ಆದರೆ ಮೂರು ದಿನದಲ್ಲಿ ಹಾಳಾಗಲು ಇರುವ ಕಾರಣಗಳು ಕಡಿಮೆ, ಮತ್ತು ಅವುಗಳಲ್ಲಿ ಹೆಚ್ಚಿನವು ಮೆಕ್ಯಾನಿಕ್‌ನ ಕೈ ಮುಟ್ಟಿದ ಜಾಗದಲ್ಲೇ ಇರುತ್ತವೆ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮುಂಚೆ ಬಿಲ್ಲನ್ನು ಕೈಗೆತ್ತಿಕೊಳ್ಳಬೇಕು. ಪ್ಲಗ್, ಆಯಿಲ್, ಕಾರ್ಬೊರೇಟರಿನ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗದ) ಪೊರೆ, ಗ್ಯಾಸ್ಕೆಟ್ಟುಗಳ ಕಿಟ್, ಪೈಪು, ಹೀಗೆ ಯಾವುದಕ್ಕೆಲ್ಲ ದುಡ್ಡು ಹಾಕಿದ್ದಾರೆ ಎಂಬುದು ಅಲ್ಲಿರುತ್ತದೆ. ಬಿಲ್ಲಿನಲ್ಲಿ ಬರೆಯದ ಕೆಲಸಗಳೂ ಇರುತ್ತವೆ. ಫಿಲ್ಟರ್ ತೊಳೆಯುವುದು, ಸ್ಕ್ರೂ ತಿರುಗಿಸುವುದು, ಕೇಬಲ್ ಎಳೆದು ಬಿಗಿ ಮಾಡುವುದು ಇಂಥವಕ್ಕೆ ಯಾರೂ ಪ್ರತ್ಯೇಕ ಹಣ ಬರೆಯುವುದಿಲ್ಲ. ಇವುಗಳಿಗಾಗಿ ಅಂಗಡಿಗೆ ಫೋನು ಮಾಡಿ, ಗಲ್ಲಾದಲ್ಲಿ ಕೂತವರನ್ನು ಬಿಟ್ಟು, ಯಂತ್ರ ಬಿಚ್ಚಿದ ಹುಡುಗನನ್ನೇ ಕೇಳಬೇಕು: ಕಾರ್ಬೊರೇಟರ್ ಬಿಚ್ಚಿದ್ದೆಯಾ, ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಚೆಲ್ಲಿದ್ದೆಯಾ, ಆಮೇಲೆ ಏನು ತುಂಬಿಸಿದೆ, ಸೆಟ್ಟಿಂಗ್ ಸ್ಕ್ರೂ ಮುಟ್ಟಿದೆಯಾ. ಜಗಳದ ದನಿ ಇಲ್ಲದೆ ಕೇಳಿದರೆ ಅವನು ಖಂಡಿತ ಹೇಳುತ್ತಾನೆ. ದನಿ ಏರಿಸಿದರೆ "ಎಲ್ಲಾ ಸರಿ ಮಾಡಿದ್ದೆ" ಎಂಬ ಒಂದೇ ಉತ್ತರ ಸಿಗುತ್ತದೆ.

ಎರಡನೆಯದಾಗಿ, ತೊಂದರೆ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. "ಪಿಕಪ್ ಇಲ್ಲ" ಎಂಬ ಒಂದು ಮಾತಿನಲ್ಲಿ ನಾಲ್ಕೈದು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಸ್ಲೋನಲ್ಲಿ ಚೆನ್ನಾಗಿ ಓಡಿ ರೇಸ್ ಕೊಟ್ಟ ಕ್ಷಣ ಆಫ್ ಆಗುವುದು ಒಂದು. ರೇಸ್ ತೆಗೆದುಕೊಂಡರೂ ಪೂರ್ತಿ ವೇಗಕ್ಕೆ ಏರದಿರುವುದು ಇನ್ನೊಂದು. ಹತ್ತು ಹದಿನೈದು ನಿಮಿಷ ಸರಿಯಾಗಿ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವುದು ಮತ್ತೊಂದು. ಮುಟ್ಟದೆಯೇ ತಾನಾಗಿ ವೇಗ ಏರಿಸಿ ಇಳಿಸಿ ಮಾಡುವುದು, ಓರೆ ಹಿಡಿದಾಗ ಮಾತ್ರ ನಿಲ್ಲುವುದು, ಬಿಳಿ ಹೊಗೆ ಬಿಡುವುದು ಇವೂ ಬೇರೆಬೇರೆಯೇ. ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ತೆಗೆದಿಟ್ಟುಕೊಂಡರೆ ಒಳ್ಳೆಯದು, ಏಕೆಂದರೆ ಅಂಗಡಿಗೆ ಒಯ್ದ ದಿನ ಯಂತ್ರ ಅಚ್ಚುಕಟ್ಟಾಗಿ ಓಡಿ ನಿಮ್ಮನ್ನೇ ಸುಳ್ಳುಗಾರನನ್ನಾಗಿ ಮಾಡುವುದುಂಟು.

ಮೊದಲು ಪೆಟ್ರೋಲ್

ಅಂಗಡಿಯ ಒಂದೇ ಬೆಂಚಿನ ಮೇಲೆ ಟೂ ಸ್ಟ್ರೋಕ್ ಮತ್ತು ಫೋರ್ ಸ್ಟ್ರೋಕ್ ಯಂತ್ರಗಳೆರಡೂ ಕೂತಿರುತ್ತವೆ, ಪಕ್ಕದಲ್ಲಿ ಎರಡು ಕ್ಯಾನುಗಳಿರುತ್ತವೆ: ಒಂದರಲ್ಲಿ ಟೂ ಸ್ಟ್ರೋಕಿಗೆ ಎಣ್ಣೆ ಬೆರೆಸಿದ ಪೆಟ್ರೋಲ್, ಇನ್ನೊಂದರಲ್ಲಿ ಫೋರ್ ಸ್ಟ್ರೋಕಿಗೆ ಬರೀ ಪೆಟ್ರೋಲ್. ಫೋರ್ ಸ್ಟ್ರೋಕ್ ಯಂತ್ರಕ್ಕೆ ಎಣ್ಣೆ ಬೆರೆಸಿದ ಪೆಟ್ರೋಲ್ ಬಿದ್ದರೆ ಹೊಗೆ ಬಂದೀತು, ಪ್ಲಗ್ ಕಪ್ಪಾದೀತು, ಅಷ್ಟೇ. ಚೆಲ್ಲಿ ಹೊಸದು ಹಾಕಿದರೆ ಮುಗಿಯಿತು. ಟೂ ಸ್ಟ್ರೋಕ್ ಯಂತ್ರಕ್ಕೆ ಬರೀ ಪೆಟ್ರೋಲ್ ಬಿದ್ದರೆ ಮಾತ್ರ ಅನಾಹುತ. ಅದರ ಪಿಸ್ಟನ್‌ಗೂ ಬೇರಿಂಗ್‌ಗೂ ಎಣ್ಣೆ ಸಿಗುವುದು ಪೆಟ್ರೋಲಿನ ಮೂಲಕವೇ ಆದ್ದರಿಂದ ಪೂರ್ತಿ ರೇಸಿನಲ್ಲಿ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಹಿಡಿದುಬಿಡುತ್ತದೆ. ಹಾಗಾಗಿ ಟೂ ಸ್ಟ್ರೋಕ್ ಯಂತ್ರವನ್ನು ಸರ್ವಿಸ್‌ನಿಂದ ತಂದಾಗ ಟ್ಯಾಂಕಿನಲ್ಲಿ ಉಳಿದದ್ದನ್ನು ನಂಬಿ ಒಂದು ಸಾಲು ಹುಲ್ಲನ್ನೂ ಕೊಚ್ಚಬಾರದು.

ಪರೀಕ್ಷೆ ಸುಲಭ. ತಣ್ಣಗಿರುವ ಯಂತ್ರದ ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಸಿದು ಬಿಸಿಲಿಗೆ ಹಿಡಿದು ನೋಡಿ. ಟೂ ಸ್ಟ್ರೋಕಿನ ಪೆಟ್ರೋಲಿಗೆ ಬೆರೆಸುವ ಟೂ ಟಿ ಆಯಿಲಿಗೆ ಕಂಪನಿಗಳು ಹಸಿರು, ನೀಲಿ ಅಥವಾ ಕೆಂಪು ಬಣ್ಣ ಹಾಕಿರುವುದರಿಂದ ಮಿಶ್ರಣಕ್ಕೆ ಆ ಛಾಯೆ ಇರುತ್ತದೆ. ಬಾಟಲಿಯನ್ನು ಐದು ನಿಮಿಷ ಅಲುಗಾಡಿಸದೆ ಬಿಟ್ಟರೆ, ತಳದಲ್ಲಿ ಗೆರೆ ಎಳೆದಂತೆ ಬೇರೊಂದು ಪದರ ಕೂತಿದೆಯೇ ಎಂಬುದೂ ಕಾಣುತ್ತದೆ. ಈ ಪದರದ ಕಥೆ ಇತ್ತೀಚಿನದು. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು, ಈಗ ಬಹುತೇಕ ಬಂಕುಗಳಲ್ಲಿ ಸಿಗುವುದು ಅದೇ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಆಷಾಢದ ಮಲೆನಾಡಿನಲ್ಲಂತೂ ಹೀರಲು ಅದಕ್ಕೆ ಕೊರತೆಯಿಲ್ಲ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟ್ಯಾಂಕಿನೊಳಗಿನ ಫಿಲ್ಟರ್ ಬಿದ್ದಿರುವುದೂ ತಳದಲ್ಲೇ. ಎಣ್ಣೆಯೋ ಮೇಲಿನ ಪೆಟ್ರೋಲಿನೊಂದಿಗೆ ಉಳಿದುಬಿಡುತ್ತದೆ. ಹಳೆಯ ಯಂತ್ರಗಳ ಕೈಪಿಡಿಗಳಲ್ಲಿ ಎಥನಾಲಿಗೆ ಶೇ. 10ರ ಮಿತಿ ಬರೆದಿರುವುದು ಸಾಮಾನ್ಯವಾದ್ದರಿಂದ, ಒಳಗಿನ ರಬ್ಬರ್ ಪೈಪು ಮತ್ತು ಪೊರೆಗಳು ಗಡುಸಾಗಿದ್ದರೆ ಆ ಪಾಪವನ್ನು ಪೂರ್ತಿಯಾಗಿ ಸರ್ವಿಸ್ ಮಾಡಿದವನ ತಲೆಗೆ ಕಟ್ಟುವಂತಿಲ್ಲ.

ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಅಂದು ತಂದ ಪೆಟ್ರೋಲ್ ಹಾಕಿ. ಟೂ ಸ್ಟ್ರೋಕ್ ಆಗಿದ್ದರೆ ಕೈಪಿಡಿ ಹೇಳಿದ ಅಳತೆಯಲ್ಲಿ, ಅಂದರೆ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿ ಎಣ್ಣೆಯನ್ನು ಬೇರೆ ಡಬ್ಬಿಯಲ್ಲಿ ಚೆನ್ನಾಗಿ ಕುಲುಕಿ ಬೆರೆಸಿ ಹಾಕಬೇಕು. ಮುಚ್ಚಳದ ಅಳತೆ, ಕಣ್ಣಂದಾಜಿನ ಅಳತೆ ಬೇಡ; ಔಷಧಿ ಅಂಗಡಿಯ ಸಿರಿಂಜು ಇದಕ್ಕೆ ಸಾಕು. ಇಷ್ಟಕ್ಕೇ ಯಂತ್ರ ಸರಿಹೋದರೆ ಮುಂದೆ ಓದಬೇಕಾದ್ದಿಲ್ಲ.

ಕೇಬಲ್ ನೋಡದೆ ಕಾರ್ಬೊರೇಟರ್ ಮುಟ್ಟಬೇಡಿ

ಮೂರು ವರ್ಷದ ಹಿಂದೆ ನನ್ನ 35 ಸಿಸಿ ಫೋರ್ ಸ್ಟ್ರೋಕ್ ಯಂತ್ರ ಸರ್ವಿಸ್‌ನಿಂದ ಬಂದಾಗ ಸ್ಲೋನಲ್ಲಿ ಗಡಿಯಾರದಂತೆ ಓಡುತ್ತಿತ್ತು, ಆದರೆ ಹುಲ್ಲಿಗೆ ಹೋದರೆ ಸತ್ತ ಎತ್ತು. ನಾನು ಪ್ಲಗ್ ಬದಲಿಸಿದೆ, ಫಿಲ್ಟರ್ ತೊಳೆದೆ, ಸೈಲೆನ್ಸರ್ ಬಿಚ್ಚಿ ನೋಡಿದೆ, ಎರಡು ಭಾನುವಾರ ಕಳೆದೆ. ಕೊನೆಗೆ ಏರ್ ಫಿಲ್ಟರಿನ ಮುಚ್ಚಳ ತೆಗೆದು, ಎಂಜಿನ್ ಆಫ್ ಇರುವಾಗಲೇ, ಹಿಡಿಕೆಯ ಎಕ್ಸಿಲರೇಟರನ್ನು ಮಗನ ಕೈಯಲ್ಲಿ ಪೂರ್ತಿ ಒತ್ತಿಸಿ ಕಾರ್ಬೊರೇಟರಿನ ಬದಿಯನ್ನು ನೋಡಿದೆ. ಕೇಬಲ್ ತಿರುಗಿಸುವ ಪುಟ್ಟ ತೋಳು ತನ್ನ ತಡೆಗಡ್ಡಿಗೆ ತಾಗಲು ಇನ್ನೂ ಒಂದು ಬೆರಳಿನ ಉಗುರಿನಷ್ಟು ಜಾಗವಿತ್ತು. ಕೇಬಲ್ಲಿನ ಹೊರಕವಚದ ತುದಿ ತನ್ನ ಗೂಡಿನಿಂದ ಕಳಚಿ ಸಡಿಲವಾಗಿದ್ದರಿಂದ ಎಳೆತದ ಒಂದು ಪಾಲು ಆ ಸಡಿಲಕ್ಕೇ ಹೋಗುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿದೆ, "ಟಕ್" ಎಂದು ಕೂತಿತು, ತೋಳು ಪೂರ್ತಿ ತಿರುಗಿತು. ಎರಡು ಭಾನುವಾರದ ಕೆಲಸ ಎರಡು ಸೆಕೆಂಡಿನಲ್ಲಿ ಮುಗಿಯಿತು.

ಆದ್ದರಿಂದ ಪೂರ್ತಿ ವೇಗಕ್ಕೆ ಏರದ ಯಂತ್ರದಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಎಕ್ಸಿಲರೇಟರ್ ಬಿಟ್ಟಾಗ ಕೇಬಲ್ ಒಂದೆರಡು ಮಿಲಿಮೀಟರ್ ಸಡಿಲವಿರಬೇಕು, ಪೂರ್ತಿ ಒತ್ತಿದಾಗ ತೋಳು ತಡೆಗಡ್ಡಿಗೆ ತಾಗಬೇಕು. ಸಡಿಲವೇ ಇಲ್ಲದಿದ್ದರೆ ಎಂಜಿನ್ ಸ್ಲೋಗೆ ಇಳಿಯುವುದಿಲ್ಲ, ಕ್ಲಚ್ ಹಿಡಿದು ಬ್ಲೇಡ್ ತಿರುಗುತ್ತಲೇ ಇರುತ್ತದೆ, ಇದು ಕಾಲಿಗೆ ಅಪಾಯ. ಇದೇ ನೋಟದಲ್ಲಿ ಚೋಕ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಗಾಳಿ ತಡೆಯುವ ಬಾಗಿಲು) ಕೂಡ ಪೂರ್ತಿ ತೆರೆಯುತ್ತಿದೆಯೇ ನೋಡಿಕೊಳ್ಳಬಹುದು. ಫಿಲ್ಟರಿನ ಮುಚ್ಚಳವನ್ನು ಸರಿಯಾಗಿ ಕೂರಿಸದೆ ಸ್ಕ್ರೂ ಬಿಗಿದರೆ ಚೋಕ್ ಸನ್ನೆ ಅರ್ಧದಲ್ಲೇ ಸಿಕ್ಕಿಕೊಳ್ಳುವ ಮಾದರಿಗಳಿವೆ.

ಏರ್ ಫಿಲ್ಟರ್ ಸ್ಪಂಜಿನದಾಗಿದ್ದರೆ ಬೆರಳಲ್ಲಿ ಹಿಂಡಿ. ತೊಳೆದು ಒಣಗಿಸದೆ ಹಾಕಿದ್ದರೆ ನೀರು ಬರುತ್ತದೆ. ಎಣ್ಣೆ ಸುರಿದು ಹಿಂಡದೆ ಹಾಕಿದ್ದರೆ ಎಣ್ಣೆ ಬರುತ್ತದೆ. ಎರಡೂ ಗಾಳಿಯನ್ನು ತಡೆಯುತ್ತವೆ. ಕೈಪಿಡಿ ಎಣ್ಣೆ ಹಚ್ಚಲು ಹೇಳಿದ್ದರೆ ನಾಲ್ಕು ಹನಿ ಹಾಕಿ, ಬಟ್ಟೆಯಲ್ಲಿ ಸುತ್ತಿ ಹಿಂಡಿದ ನಂತರವೇ ಕೂರಿಸಬೇಕು.

ಫೋರ್ ಸ್ಟ್ರೋಕ್ ಯಂತ್ರದ ಸ್ಪಂಜಿನಲ್ಲಿ ಕಪ್ಪು ಎಂಜಿನ್ ಆಯಿಲ್ ಕಂಡರೆ ಕಥೆ ಬೇರೆ. ಈ ಪುಟ್ಟ ಎಂಜಿನ್‌ಗಳಿಗೆ ಬೇಕಾಗುವ ಆಯಿಲ್ ತೀರಾ ಕಡಿಮೆ. ನನ್ನದಕ್ಕೆ ಹಿಡಿಸುವುದು 100 ಮಿಲಿ, ಒಂದು ಲೋಟ ಕಾಫಿಗಿಂತ ಕಡಿಮೆ. ಬೈಕಿನ ಅಭ್ಯಾಸದಲ್ಲಿ ಸುರಿದ ಕೈ ಸುಲಭವಾಗಿ 150 ಮಿಲಿ ದಾಟಿಸುತ್ತದೆ, ಹೆಚ್ಚಾದದ್ದು ಬ್ರೀದರ್, ಅಂದರೆ ಎಂಜಿನ್ನಿನ ಒಳಗಾಳಿ ಹೊರಬಿಡುವ ದಾರಿಯಿಂದ ಫಿಲ್ಟರಿಗೆ ಉಗುಳಿ ಬಿಳಿ ಹೊಗೆಯಾಗಿ ಹೊರಬರುತ್ತದೆ. ಎಂಜಿನ್ನನ್ನು ಸಮತಟ್ಟಾಗಿಟ್ಟು ಮುಚ್ಚಳ ತೆಗೆದು ಮಟ್ಟ ನೋಡಬೇಕು; ಗೋಡೆಗೆ ಒರಗಿಸಿ ನೋಡಿದರೆ ತಪ್ಪು ಲೆಕ್ಕ ಬರುತ್ತದೆ, ಅಂಗಡಿಯಲ್ಲಿ ಹೆಚ್ಚು ಹೊಯ್ಯುವುದು ಹಾಗೆಯೇ. ಹೆಚ್ಚಿದ್ದನ್ನು ಬಸಿದು, ಫಿಲ್ಟರ್ ತೊಳೆದು, ಐದು ನಿಮಿಷ ಓಡಿಸಿದರೆ ಹೊಗೆ ಕಡಿಮೆಯಾಗುತ್ತದೆ.

ಪೈಪು, ಮುಚ್ಚಳ, ಪ್ಲಗ್

ಟ್ಯಾಂಕಿನಿಂದ ಕಾರ್ಬೊರೇಟರಿಗೆ ಸಾಮಾನ್ಯವಾಗಿ ಎರಡು ಪೈಪುಗಳಿರುತ್ತವೆ, ಒಂದು ಪೆಟ್ರೋಲ್ ಎಳೆಯಲು, ಇನ್ನೊಂದು ಪ್ರೈಮರ್ ಗುಳ್ಳೆಯಿಂದ (ಸ್ಟಾರ್ಟ್ ಮಾಡುವ ಮುಂಚೆ ಬೆರಳಲ್ಲಿ ಒತ್ತುವ ಗುಳ್ಳೆ) ಹೆಚ್ಚಾದದ್ದನ್ನು ಹಿಂದಿರುಗಿಸಲು. ಕಾರ್ಬೊರೇಟರ್ ಬಿಚ್ಚಿ ಜೋಡಿಸುವಾಗ ಇವು ಅದಲುಬದಲಾಗುವುದು ಹೊಸ ಮೆಕ್ಯಾನಿಕ್‌ಗಳ ಮಾಮೂಲು ತಪ್ಪು. ಪ್ರೈಮರ್ ಗುಳ್ಳೆಯನ್ನು ಹತ್ತು ಸಲ ಒತ್ತಿದರೂ ಒಳಗೆ ಪೆಟ್ರೋಲ್ ತುಂಬದಿದ್ದರೆ, ಅಥವಾ ತುಂಬಿದರೂ ಗಾಳಿಯ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ, ಪೈಪು ಅದಲುಬದಲಾಗಿದೆ, ಸೀಳಿದೆ ಇಲ್ಲವೇ ತುದಿಯ ಫಿಲ್ಟರ್ ಕಳಚಿದೆ ಎಂದು ತಿಳಿಯಬೇಕು. ಫಿಲ್ಟರಿನ ತೂಕದ ಗುಂಡು ಟ್ಯಾಂಕಿನ ಎಲ್ಲ ಮೂಲೆಗೂ ಉರುಳುವಂತಿರಬೇಕು. ಪೈಪನ್ನು ಗಿಡ್ಡ ಕತ್ತರಿಸಿ ಹಾಕಿದ್ದರೆ ದರೆಯ ಇಳಿಜಾರಿನಲ್ಲಿ ಯಂತ್ರ ಓರೆ ಹಿಡಿದ ಕೂಡಲೇ ಅದು ಗಾಳಿ ಎಳೆಯುತ್ತದೆ. ಓರೆಯಲ್ಲಿ ಮಾತ್ರ ನಿಲ್ಲುವ ಯಂತ್ರದ ಕಾಯಿಲೆ ಹೆಚ್ಚಾಗಿ ಇದೇ.

ಹತ್ತು ಹದಿನೈದು ನಿಮಿಷಕ್ಕೆ ನಿಲ್ಲುವ ಯಂತ್ರದಲ್ಲಿ, ನಿಂತ ಕ್ಷಣವೇ ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ ಕಿವಿಗೊಡಿ. "ಸುಯ್" ಎಂದು ಗಾಳಿ ಒಳಗೆ ಎಳೆದುಕೊಂಡರೆ ಗಾಳಿಯಾಡುವ ಕಿಂಡಿ ಮುಚ್ಚಿದೆ ಎಂದರ್ಥ. ಪೆಟ್ರೋಲ್ ಇಳಿದ ಜಾಗಕ್ಕೆ ಗಾಳಿ ಹೋಗದೆ ಒಳಗೆ ನಿರ್ವಾತವಾಗಿ ಹರಿವು ನಿಂತಿರುತ್ತದೆ. ಕಿಂಡಿ ಕೆಲವು ಯಂತ್ರಗಳಲ್ಲಿ ಮುಚ್ಚಳದಲ್ಲಿ, ಕೆಲವದರಲ್ಲಿ ಬೇರೊಂದು ಪುಟ್ಟ ಪೈಪಿನ ತುದಿಯಲ್ಲಿ ಇರುತ್ತದೆ. ಕಳೆದುಹೋದ ಮುಚ್ಚಳಕ್ಕೆ ಬದಲಾಗಿ ಬೇರೆ ಮಾದರಿಯದನ್ನು ಹಾಕಿಕೊಟ್ಟಿದ್ದರೂ ಹೀಗಾಗುತ್ತದೆ. ಗಾಳಿಯ ಸದ್ದು ಬರದಿದ್ದರೆ, ಬಿಸಿಯಾದಾಗ ಕಿಡಿ ನಿಲ್ಲಿಸುವ ಕಾಯಿಲ್ ಅಥವಾ ಫೋರ್ ಸ್ಟ್ರೋಕಿನಲ್ಲಿ ತೀರಾ ಬಿಗಿಯಾದ ಟ್ಯಾಪೆಟ್ (ವಾಲ್ವುಗಳನ್ನು ಒತ್ತಿ ತೆರೆಯುವ ಭಾಗ) ಕಾರಣವಿರಬಹುದು. ಟ್ಯಾಪೆಟ್ ಸಂದು ಈ ಗಾತ್ರದ ಎಂಜಿನ್‌ನಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನದು; ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಇಲ್ಲದೆ ಅಂದಾಜಿನಲ್ಲಿ ಹೊಂದಿಸುವ ಕೆಲಸವಲ್ಲ. ಇವೆರಡನ್ನೂ ಅಂಗಡಿಗೇ ಬಿಡುವುದು ಮೇಲು.

ಪ್ಲಗ್ಗನ್ನು ಹದವಾಗಿ ಹೊರೆ ಕೊಟ್ಟು ಐದು ನಿಮಿಷ ಓಡಿಸಿದ ಮೇಲೆ, ಎಂಜಿನ್ ಆರಲು ಬಿಟ್ಟು ಬಿಚ್ಚಿ ನೋಡಬೇಕು. ತುದಿ ಹುರಿದ ಕಾಫಿಬೀಜದ ಪುಡಿಯ ಬಣ್ಣಕ್ಕಿದ್ದರೆ ಹದ ಸರಿಯಿದೆ. ಒಣಗಿದ ಕಾಡಿಗೆಯಂತಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಸುಣ್ಣದ ಬಿಳುಪಿದ್ದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಬಿಳುಪು ಕಂಡ ಟೂ ಸ್ಟ್ರೋಕ್ ಯಂತ್ರವನ್ನು ಅಲ್ಲಿಗೇ ನಿಲ್ಲಿಸಬೇಕು. ಪ್ಲಗ್ಗಿನ ನಂಬರನ್ನು ಕೈಪಿಡಿಯೊಂದಿಗೆ ಹೋಲಿಸುವುದನ್ನು ಮರೆಯಬೇಡಿ, ಏಕೆಂದರೆ ಅಂಗಡಿಯಲ್ಲಿ ಎದುರಿಗೆ ಸಿಕ್ಕ ಪ್ಲಗ್ಗು ಅಳತೆಗೆ ಕೂತರೂ ಅದರ ಶಾಖದ ದರ್ಜೆ ಬೇರೆಯಾಗಿರಬಹುದು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಂದು ಸಾಮಾನ್ಯವಾಗಿ 0.6ರಿಂದ 0.7 ಮಿಮೀ.

ಕಾರ್ಬೊರೇಟರ್ ಎಂಬ ಕೊನೆಯ ಬಾಗಿಲು

ವೇಗ ತಾನಾಗಿ ಏರಿಳಿಯುತ್ತಿದ್ದರೆ ಕಾರ್ಬೊರೇಟರನ್ನು ಎಂಜಿನ್ನಿಗೆ ಹಿಡಿದಿರುವ ಎರಡು ಬೋಲ್ಟುಗಳನ್ನು ಮೊದಲು ಪರೀಕ್ಷಿಸಿ. ಅವು ಸಡಿಲವಿದ್ದರೆ, ಅಥವಾ ಹಳೆಯ ಗ್ಯಾಸ್ಕೆಟ್ಟನ್ನೇ ಸೀಳಿಸಿ ಕೂರಿಸಿದ್ದರೆ, ಸಂದಿನಿಂದ ಕಳ್ಳ ಗಾಳಿ ಒಳನುಗ್ಗುತ್ತದೆ. ಸ್ಲೋನಲ್ಲಿ ಓಡುವಾಗ ಆ ಸಂದಿಗೆ ಸೋಪಿನ ನೀರನ್ನು ಬ್ರಷ್ಷಿನಿಂದ ಹಚ್ಚಿದರೆ, ಸೋರಿಕೆಯಿದ್ದಲ್ಲಿ ಎಂಜಿನ್ನಿನ ಸದ್ದು ಬದಲಾಗುತ್ತದೆ. ಪೆಟ್ರೋಲನ್ನೋ ಸ್ಪ್ರೇಯನ್ನೋ ಇದಕ್ಕೆ ಬಳಸುವವರಿದ್ದಾರೆ. ಪಕ್ಕದಲ್ಲೇ ಸುಡುವ ಸೈಲೆನ್ಸರ್ ಇರುವಾಗ ಅದು ಬುದ್ಧಿವಂತಿಕೆಯಲ್ಲ.

ಕಾರ್ಬೊರೇಟರಿನ ಮೇಲೆ ಎಲ್ (ಕಡಿಮೆ ವೇಗಕ್ಕೆ), ಎಚ್ (ಹೆಚ್ಚು ವೇಗಕ್ಕೆ) ಎಂಬ ಗುರುತಿನ ಎರಡು ಸ್ಕ್ರೂಗಳೂ ಸ್ಲೋ ಹೊಂದಿಸುವ ಇನ್ನೊಂದು ಸ್ಕ್ರೂವೂ ಇರಬಹುದು. ಮಾಲೀಕರು ಮುಟ್ಟಬಹುದಾದದ್ದು ಈ ಕೊನೆಯದನ್ನು ಮಾತ್ರ: ಸ್ಲೋನಲ್ಲಿ ಬ್ಲೇಡ್ ತಿರುಗುತ್ತಿದ್ದರೆ ಅದು ನಿಲ್ಲುವವರೆಗೆ ಸಡಿಲಿಸಬೇಕು, ಎಂಜಿನ್ನೇ ನಿಲ್ಲುತ್ತಿದ್ದರೆ ಕಾಲು ಸುತ್ತು ಬಿಗಿಯಬೇಕು. ಎಚ್ ಸ್ಕ್ರೂವನ್ನು ಒಳಗೆ ತಿರುಗಿಸಿದರೆ ಪೆಟ್ರೋಲ್ ಕಡಿಮೆಯಾಗಿ ವೇಗ ಏರುತ್ತದೆ, ಯಂತ್ರಕ್ಕೆ ಹೊಸ ಜೀವ ಬಂದಂತೆ ಕಿರುಚುತ್ತದೆ, ಕೇಳಿದವರಿಗೆ ಖುಷಿಯಾಗುತ್ತದೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯೂ ಕಡಿಮೆಯಾಗುವುದರಿಂದ ಆ ಖುಷಿ ಪಿಸ್ಟನ್ ಹಿಡಿಯುವವರೆಗೆ ಮಾತ್ರ. ಸರ್ವಿಸ್‌ನಿಂದ ಬಂದ ಯಂತ್ರ ಮೊದಲಿಗಿಂತ ತೀಕ್ಷ್ಣವಾಗಿ ಕಿರುಚುತ್ತಿದ್ದರೆ ಅದನ್ನು ಹೊಗಳದೆ ವಾಪಸ್ ಒಯ್ಯಬೇಕು. ಕಿಟ್ ಬದಲಿಸಿದ್ದರೆ ಇನ್ನೊಂದು ಅನುಮಾನಕ್ಕೆ ಜಾಗವಿದೆ: ಒಳಗಿನ ಪೊರೆ ಮತ್ತು ಗ್ಯಾಸ್ಕೆಟ್ ಕೂರುವ ಕ್ರಮ ಕಾರ್ಬೊರೇಟರಿನ ಎರಡು ಬದಿಗಳಲ್ಲಿ ಒಂದೇ ಆಗಿರುವುದಿಲ್ಲ, ಹಿಂದುಮುಂದಾದರೆ ಸ್ಟಾರ್ಟ್ ಆಗಿಯೂ ರೇಸ್ ತೆಗೆದುಕೊಳ್ಳುವುದಿಲ್ಲ. ಅದನ್ನು ಮನೆಯಲ್ಲಿ ಬಿಚ್ಚಿದರೆ ತಪ್ಪು ಯಾರದೆಂದು ತೋರಿಸುವ ಗುರುತೂ ಅಳಿಸಿಹೋಗುತ್ತದೆ.

ಎಂಜಿನ್ ಸರಿಯಿದ್ದು ಕೈ ಜೋಮು ಹಿಡಿಯುವಷ್ಟು ನಡುಗುತ್ತಿದ್ದರೆ ಬ್ಲೇಡ್ ನೋಡಿ. ಪ್ಲಗ್ಗಿನ ಕ್ಯಾಪ್ ಎಳೆದು ತೆಗೆದ ಮೇಲೆಯೇ ಬ್ಲೇಡಿಗೆ ಕೈ ಹಾಕಬೇಕು. ಬಹುತೇಕ ವೀಡ್ ಕಟರ್‌ಗಳ ಬ್ಲೇಡ್ ನಟ್ಟಿಗೆ ಎಡಮರೆ ಇರುವುದರಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಬ್ಲೇಡಿನ ನಡುತೂತು ವಾಷರಿನ ಉಬ್ಬಿನ ಮೇಲೆ ಸರಿಯಾಗಿ ಕೂತಿದೆಯೇ, ಹಲ್ಲುಗಳು ತಿರುಗುವ ದಿಕ್ಕಿಗೇ ಮುಖ ಮಾಡಿವೆಯೇ ನೋಡಿ ಮತ್ತೆ ಬಿಗಿಯಿರಿ.

ಅಂಗಡಿಗೆ ಮರಳಿ

ಹೀಗೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತೆಂದು ಬರೆದಿಟ್ಟುಕೊಂಡರೆ, ಅಂಗಡಿಗೆ ಹೋದಾಗ ಮಾತು ಬೇರೆಯೇ ಆಗುತ್ತದೆ. "ಹೊಸ ಪೆಟ್ರೋಲ್ ಹಾಕಿದೆ, ಕೇಬಲ್ ಪೂರ್ತಿ ತೆರೆಯುತ್ತಿದೆ, ಪ್ಲಗ್ ಬಿಳಿಯಾಗಿದೆ, ಹೊರೆ ಕೊಟ್ಟರೆ ನಿಲ್ಲುತ್ತದೆ" ಎಂದವರನ್ನು ಯಾವ ಮೆಕ್ಯಾನಿಕ್ಕೂ ಸುಮ್ಮನೆ ಹಿಂದೆ ಕಳುಹಿಸುವುದಿಲ್ಲ. ಒಂದೆರಡು ವಾರದೊಳಗೆ ಹೋಗಿ, ಹಳೆಯ ಬಿಲ್ಲು ತೋರಿಸಿ, ಅದೇ ಕೆಲಸವನ್ನು ಮತ್ತೆ ದುಡ್ಡಿಲ್ಲದೆ ಮಾಡಿಕೊಡಬೇಕೆಂದು ಕೇಳಿ. ತೆಗೆದ ಹಳೆಯ ಬಿಡಿಭಾಗಗಳನ್ನೂ ಕೇಳಿ ಪಡೆಯಿರಿ.

ಅಂಗಡಿಯವರು ಕೈ ಕೊಡವಿಕೊಂಡರೆ ದಾರಿಯಿಲ್ಲದಿಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಣ ಪಡೆದು ಮಾಡಿದ ದುರಸ್ತಿಯಲ್ಲಿನ ಕೊರತೆಯೂ ಸೇವಾ ನ್ಯೂನತೆಯೇ. 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ. ಆದರೂ ಇದನ್ನು ಕೊನೆಗೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಹತ್ತಿರದ ಪೇಟೆಯಲ್ಲಿ ಆ ಯಂತ್ರದ ಬಿಡಿಭಾಗ ಇಟ್ಟಿರುವವನು ಅವನೊಬ್ಬನೇ ಆಗಿರುತ್ತಾನೆ, ಮುಂದಿನ ಮಳೆಗಾಲವೂ ಬರುತ್ತದೆ.

ಯಂತ್ರವನ್ನು ಎರಡನೇ ಸಲ ಬಿಡಿಸಿಕೊಳ್ಳುವಾಗ ನಿಮ್ಮದೇ ಪೆಟ್ರೋಲನ್ನು ಡಬ್ಬಿಯಲ್ಲಿ ಒಯ್ಯಿರಿ. ಅಂಗಡಿಯ ಹಿಂದೆ ಎಲ್ಲಾದರೂ ಹುಲ್ಲು ಇದ್ದೇ ಇರುತ್ತದೆ. ಅಲ್ಲಿ ಬ್ಲೇಡ್ ಕಟ್ಟಿ ಹದಿನೈದು ನಿಮಿಷ ಕೊಚ್ಚಿ, ಯಂತ್ರವನ್ನು ಎರಡೂ ಬದಿಗೆ ಓರೆ ಹಿಡಿದು, ಬಿಸಿಯಾದ ಮೇಲೆ ಆಫ್ ಮಾಡಿ ಮತ್ತೆ ಹಗ್ಗ ಎಳೆದು ನೋಡಿ. ಎಲ್ಲವೂ ಸರಿಯಾಗಿದ್ದರೆ ಫಿಲ್ಟರಿನ ಮುಚ್ಚಳ ತೆಗೆದು ಪೈಪುಗಳು, ಕೇಬಲಿನ ತುದಿ, ಸ್ಕ್ರೂಗಳ ಸೀಳು ಯಾವ ಕಡೆಗಿದೆ ಎಂಬುದು ಕಾಣುವಂತೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಸರ್ವಿಸ್‌ನಿಂದ ತಂದ ದಿನ ಮೊದಲು ಹೋಲಿಸಿ ನೋಡಬೇಕಾದದ್ದು ಅದನ್ನೇ.